ಸೋದರತ್ತೆಯ ಚಿಂತೆ

ಆಸ್ಪತ್ರೆಯ ನರರೋಗ ವಿಭಾಗದ ಹೊರಗೆ ನನ್ನ ಎದುರಿನ ಬೆಂಚಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಕಿರಿಯವಳ ತೊಡೆಯ ಮೇಲೆ ಅವಳ ಪುಟ್ಟ ಮಗಳು ನಿದ್ದೆಹೋಗಿದ್ದಳು. ಹಿರಿಯವಳು ಅವಳ ಗಂಡನ ಅಕ್ಕ ಎಂದು ಮಾತಿನಿಂದ ತಿಳಿಯಿತು.

“ಮಗು ತಲೆ ಕೊಯ್ಯೋದಕ್ಕೆ ಒಪ್ಪಿಬಿಟ್ಟೆಯಂತೆ?”

“ಹೌದು ಅತ್ತಿಗೆ. ಎಷ್ಟು ಥರದ ಮಾತ್ರೆ ಕೊಟ್ಟರೂ ಫಿಟ್ಸ್ ನಿಲ್ಲಲಿಲ್ಲ. ಮೆದುಳಲ್ಲಿ ಒಂದೇ ಜಾಗದಿಂದ ಬರ್ತಿದೆಯಂತೆ. ಅದನ್ನ ತೆಗೆದರೆ ನಿಲ್ಲಬಹುದು ಅಂದರು.”

“ಬಹುದು ಅಂದರಷ್ಟೆ ತಾನೆ? ದೊಡ್ಡವಳಾದರೆ ತಾನಾಗೇ ಹೋಗುತ್ತೆ.”

“ಹೋದ ವರ್ಷ ನೀವು ಹೀಗೇ ಹೇಳಿದ್ದಕ್ಕೆ ನಿಮ್ಮ ತಮ್ಮ ಮಾತ್ರೆ ನಿಲ್ಲಿಸಿದರು. ಇವಳು ಸ್ಕೂಲಿನ ಮೆಟ್ಟಿಲಿಂದ ಉರುಳಿ ಹಲ್ಲು ಮುರ್ಕೊಂಡಳು.”

“ಅದೆಲ್ಲ ಬಿಡು. ನಾಳೆ ತಲೆ ಮೇಲಿನ ಹೊಲಿಗೆ ನೋಡಿ ಯಾರು ಮದುವೆ ಆಗ್ತಾರೆ?”

“ಇವಳು ನಿಮ್ಮ ಮನೇಲಿ ಬಿದ್ದು ಒದ್ದಾಡುವಾಗ ಪಕ್ಕಕ್ಕೆ ಹೊರಳಿಸೋಕೆ ನಿಮ್ಮ ಕೈ ಮುಂದೆ ಬರಲಿಲ್ಲ. ಅಕ್ಕಪಕ್ಕದವರು ನೋಡ್ತಾರೆ ಅಂತ ಕಿಟಕಿ ಮುಚ್ಚೋಕೆ ಓಡಿದಿರಿ. ಈಗ ಇವಳ ಮದುವೆ ಚಿಂತೆನಾ ನಿಮಗೆ?”

“ನನ್ನ ತಮ್ಮ ಏನಂದ?”

“ಅಕ್ಕನ್ನ ಕೇಳಿ ಹೇಳ್ತೀನಿ ಅಂದರು.”

“ನೋಡು, ಅವನಿಗೆ ಬುದ್ಧಿ ಇದೆ.”

“ಇದ್ದಿದ್ದರೆ ಈ ಬೆಂಚಿನ ಮೇಲೆ ಅವರು ಕೂತಿರ್ತಿದ್ದರು, ನೀವಲ್ಲ.”

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು, “ಮಗುವಿನ ಕಡೆಯವರು ಒಳಗೆ ಬನ್ನಿ” ಎಂದಳು. ತಾಯಿ ಮಗಳನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ಹಿರಿಯವಳೂ ಸೆರಗು ಸರಿಮಾಡಿಕೊಂಡು ಎದ್ದಳು.

“ನೀವು ಕೂತಿರಿ ಅತ್ತಿಗೆ. ಅವರು ಕರೆದದ್ದು ಮಗುವಿನ ಕಡೆಯವರನ್ನ.”