ಟವೆಲ್ ಮೊದಲೋ, ಬಾಗಿಲು ಮೊದಲೋ

ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಮೊಳಕಾಲ್ಮೂರಿನ ಬಸ್ಸಿಗೆ ಕಾಯುತ್ತಿದ್ದ ನನ್ನ ಪಕ್ಕದಲ್ಲೇ ಜಗಳ ನಡೆದಿತ್ತು. ಮಗ್ಗ ನಡೆಸುವ ಕಂಪ್ಯೂಟರಿಗೆ ಸಾಫ್ಟ್‌ವೇರ್ ಬರೆಯುವ ಪ್ರೇಮಲತಾ, ಅವಳ ಮೇಲಧಿಕಾರಿ ನಾಗೇಂದ್ರಪ್ಪ, ಇವರಿಬ್ಬರ ನಡುವೆ.

“ಟೆಸ್ಟಲ್ಲಿ ಒಂದ್ಸಲಾನೂ ಹ್ಯಾಂಗ್ ಆಗಿಲ್ಲ ಪ್ರೇಮಲತಾ. ಮಗ್ಗ ನಿಂತುಬಿಡಬಹುದು ಅಂತ ಕಂಪ್ಯೂಟರ್ ತೋರಿಸ್ತಿರೋ ಆ ವಾರ್ನಿಂಗ್ ತೆಗೆದುಬಿಡು.”

“ತೆಗೆಯಲ್ಲ ಸರ್. ಕೋಡಲ್ಲಿ ಎರಡು ಲಾಕ್ ಅದಾವೆ, ಒಂದೊಂದನ್ನೂ ಒಂದ್ಸಲಕ್ಕೆ ಒಂದೇ ಕೆಲಸ ಹಿಡ್ಕಳ್ಳೋಕಾಗೋದು. ಒಂದು ಕಡೆ ಇದನ್ನ ಹಿಡ್ಕಂಡು ಅದಕ್ಕೆ ಕಾಯ್ತೈತೆ, ಇನ್ನೊಂದು ಕಡೆ ಅದನ್ನ ಹಿಡ್ಕಂಡು ಇದಕ್ಕೆ ಕಾಯ್ತೈತೆ.”

“ಎರಡೂ ಒಂದೇ ಗಳಿಗೇಲಿ ಎಲ್ಲಿ ಬರ್ತಾವೆ?”

ಬಸ್ಸು ಬಂತು. ಒಬ್ಬ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿ ಬಾಗಿಲಿಗೆ ಓಡಿದ. ಬಾಗಿಲಲ್ಲಿ ಅದೇ ಸೀಟಿನ ಮೇಲೆ ಕಣ್ಣಿಟ್ಟಿದ್ದ ಇನ್ನೊಬ್ಬ ಅಡ್ಡ ನಿಂತಿದ್ದ.

“ಟವೆಲ್ ತೆಗಿ, ದಾರಿ ಬಿಡ್ತೀನಿ.”

“ದಾರಿ ಬಿಡು, ತೆಗಿತೀನಿ.”

ಇಬ್ಬರೂ ಕದಲಲಿಲ್ಲ.

“ನೋಡ್ರಿ ಸರ್, ಎರಡೂ ಒಂದೇ ಗಳಿಗೇಲಿ ಬಂದ್ವು! ಎಲ್ಲಾರೂ ಮೊದಲು ಬಾಗಿಲು, ಆಮೇಲೆ ಸೀಟು ಅಂದಿದ್ರೆ ಈ ಗಂಟೇ ಬೀಳ್ತಿರಲಿಲ್ಲ. ಕೋಡಿಗೂ ಅದೇ ಮಾತು, ಎರಡೂ ಕಡೆ ಒಂದೇ ಲಾಕ್ ಮೊದಲು ಹಿಡೀಬೇಕು.”

“ನಾಳೆ ಮಗ್ಗಕ್ಕೆ ಹಾಕ್ಬೇಕಮ್ಮ!”

“ನೀವೇ ಹಾಕ್ರಿ. ಸೀರೆ ಅರ್ಧಕ್ಕೆ ನಿಂತ್ರೆ ನೇಯೋರ ಮುಂದೆ ನೀವೇ ಹೋಗಿ ನಿಲ್ರಿ. ನಾನಂತೂ ಒಪ್ಪಿಗೆ ಕೊಡಲ್ಲ.”

ನಾಗೇಂದ್ರಪ್ಪ ಜೇಬಿನಿಂದ ಕರವಸ್ತ್ರ ತೆಗೆದು ಸೀಟು ಹಿಡಿಯಲು ಹಿಂದಿನ ಕಿಟಕಿಯತ್ತ ಓಡಿದರು.

“ಸರ್! ಮೊದಲು ಬಾಗಿಲು!” ಎಂದು ಕೂಗುತ್ತಲೇ ಪ್ರೇಮಲತಾ ಬಾಗಿಲ ಮುಂದಿನ ಜನರೊಳಗೆ ನುಗ್ಗಿದಳು.