ತಿರುವಿನಲ್ಲಿ ನಿಲ್ಲುವ ಹಾಡು

ಬೆಟ್ಟದ ರಸ್ತೆಯ ಮೇಲೆ ಮಣ್ಣು ಕುಸಿದು ಬಸ್ಸುಗಳೆಲ್ಲ ನಿಂತಿದ್ದವು. ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಡ್ರೈವರುಗಳು, ಕಂಡಕ್ಟರುಗಳು, ಅವರ ನಡುವೆ ಟಿಕೆಟ್ ಕೌಂಟರಿನ ನಾನು. ಸಂಜೆಯ ಮಳೆ ತಗಡಿನ ಮೇಲೆ ಬಡಿಯುತ್ತಿತ್ತು. ಆ ರೂಟಿಗೆ ಹೊಸದಾಗಿ ಬಂದ ಡ್ರೈವರಮ್ಮ ಬಂಡೆ ಪಕ್ಕದ ತಿರುವು ಹೇಗಿದೆ ಎಂದು ಕೇಳಿದ್ದೇ ತಡ, ಎಲ್ಲರೂ ಮೂಲೆಯ ಬೆಂಚಿನತ್ತ ತಿರುಗಿದರು. ಅಲ್ಲಿ ಕೂತಿದ್ದವರು ನಿವೃತ್ತ ಡ್ರೈವರು, ನಮಗೆಲ್ಲ ದೊಡ್ಡಪ್ಪ. ಅವರು ತಲೆ ತಗ್ಗಿಸಿಯೇ ಶುರು ಮಾಡಿದರು.

"ಕೇಳಮ್ಮ... ಆ ರೂಟಲ್ಲಿ ನಮ್ಮ ಭಾವ, ಅಂದ್ರೆ ಅಕ್ಕನ ಗಂಡ, ಡ್ರೈವರು. ಅವರ ಬಸ್ಸಿಗೆ ನಾನೇ ಕಂಡಕ್ಟರು. ಭಾವನಿಗೆ ಒಬ್ಬ ರಾಕ್ ಹಾಡುಗಾರನ ಹುಚ್ಚು. ಲೋಕಕ್ಕೆ ಅವನ ಹೆಸರೇ ಗೊತ್ತಿಲ್ಲ, ಗೊತ್ತಿರೋ ನಾಲ್ಕು ಜನಕ್ಕೆ ಅವನೇ ದೇವರು! ಗಂಟಲಂತೂ ಸೈಲೆನ್ಸರ್ ಕಿತ್ತೋದ ಲಾರಿ. ಅವನು ಗಾಡಿ ಓಡಿಸೋದರ ಮೇಲೆ ಕಟ್ಟಿದ ಹಾಡನ್ನೆಲ್ಲ ಆರಿಸಿ, ಏರಿಗೆ ನಿಧಾನದ್ದು, ಸೇತುವೆಗೆ ಡ್ರಮ್ಮಿನದು, ಬಯಲಿಗೆ ಜೋರಿನದು ಅಂತ, ರಸ್ತೆಗೆ ತಕ್ಕ ಹಾಗೆ ಪೆನ್ ಡ್ರೈವಲ್ಲಿ ಜೋಡಿಸಿದ್ರು ಭಾವ. ಆದ್ರೆ ಬಂಡೆ ತಿರುವು ಬಂತು ಅಂದ್ರೆ... ಸದ್ದೇ ಇಲ್ಲ. ಬೇಕಂತಲೇ ಅಲ್ಲೊಂದು ಖಾಲಿ ತುಂಡು ಸೇರಿಸಿದ್ರು. ಯಾಕೆ ಹೇಳಿ? ಅಲ್ಲಿ ಎದುರಿನ ಗಾಡಿ ಕಾಣಲ್ಲ. ಹಾರನ್ ಕೇಳೇ ಓಡಿಸಬೇಕು.

ಒಂದಿನ ಅಕ್ಕನೂ ಬಸ್ಸಲ್ಲಿದ್ಲು. ತಿರುವಲ್ಲಿ ಹಾಡು ನಿಂತಿದ್ದೇ, 'ನಿಮ್ಮ ಹಾಡೂ ನಿಮ್ಮ ಹಂಗೇ ಕಣ್ರೀ, ಏರು ಹತ್ತಿದ ಮೇಲೆ ಉಸಿರೇ ಇಲ್ಲ!' ಅಂದ್ಲು. ಬಸ್ಸಿಗೆ ಬಸ್ಸೇ ಬಿದ್ದು ಬಿದ್ದು ನಕ್ತು. ಗಂಡ ಹೆಂಡತಿ ತಮಾಷೆ, ಅಷ್ಟೇ. ಆದ್ರೆ ಭಾವನ ಮುಖ ಸಣ್ಣದಾಯ್ತು. ಮನೆಗೆ ಹೋಗಿ, ಅಕ್ಕನ ಎದುರೇ ಕೂತು, ಆ ಖಾಲಿ ಜಾಗಕ್ಕೆ ಅಬ್ಬರದ ಹಾಡೊಂದನ್ನ ತುಂಬಿದ್ರು.

ಮಾರನೇ ದಿನ ಹಾಲಿನ ವ್ಯಾನಿನವನು ಕೆಳಗಿಂದ ಹಾರನ್ ಹೊಡ್ಕೊಂಡೇ ಬಂದನಂತೆ. ನಮಗೆಲ್ಲಿ ಕೇಳ್ಬೇಕು? ಕಂಡ ತಕ್ಷಣ ಭಾವ ಬಸ್ಸನ್ನ ಬಂಡೆ ಕಡೆ ತಿರುಗಿಸಿದ್ರು. ನಾವೆಲ್ಲ ಉಳಿದ್ವಿ, ವ್ಯಾನಿನವನೂ ಉಳಿದ. ಭಾವ ಉಳೀಲಿಲ್ಲ.

ಕುಡಿದು ಓಡಿಸ್ತಿದ್ದ ಅಂತ ಊರೆಲ್ಲ ಮಾತಾಯ್ತು. ಒಂದು ತೊಟ್ಟು ಮುಟ್ಟದ ಮನುಷ್ಯ ಅಂತ ನಾನು ಬಡ್ಕೊಂಡೆ. ಬಾಮೈದ ಅಲ್ವೇ, ಯಾರು ನಂಬ್ತಾರೆ? ಅಕ್ಕ ಹೇಳಿದ್ರೆ ನಂಬ್ತಿದ್ರು. ಅಕ್ಕ ಬಾಯೇ ಬಿಡ್ಲಿಲ್ಲ. ಕುಡಿದಿರಲಿಲ್ಲ ಅಂದ್ರೆ ಮತ್ತೇನಾಯ್ತು ಅಂತ ಕೇಳ್ತಾರಲ್ಲ, ಆಗ ತಾನಾಡಿದ ಮಾತು ಹೇಳ್ಬೇಕಲ್ಲ...

ಬಸ್ಸು ರಿಪೇರಿಯಾಗಿ, ಆಮೇಲೆ ನಾನೇ ಅದರ ಡ್ರೈವರಾದೆ. ಅದೇ ಪೆನ್ ಡ್ರೈವ್ ಹಾಕಿದೆ. ತಿರುವು ಬಂತು... ಅಬ್ಬರದ ಹಾಡು ಗಪ್ಪಂತ ನಿಂತ್ಹೋಯ್ತು. ಕನ್ನಡಿ ನೋಡ್ತೀನಿ, ಕೊನೇ ಸೀಟಲ್ಲಿ ಭಾವ! ಮುಖದ ಮೇಲೆ ಟವೆಲ್ ಎಳ್ಕೊಂಡು, ತಲೆ ತಗ್ಗಿಸಿ ಕೂತಿದ್ರು. ಹೆದರಿಕೆ ಆಗ್ಲಿಲ್ಲ ಕಣ್ರೋ, ನಾಚಿಕೆ ಆಯ್ತು. ಸತ್ತ ಮೇಲೂ ಒಬ್ಬ ಮರ್ಯಾದಸ್ಥ ಮುಖ ಮುಚ್ಕೊಂಡು ಕೂರಬೇಕಾ?

ಅಕ್ಕನಿಗೆ ಹೇಳಿದೆ. ಬಂದ್ಲು. ಕೊನೇ ಸೀಟಲ್ಲೇ ಕೂತ್ಲು. ತಿರುವಲ್ಲಿ ಹಾಡು ನಿಂತಾಗ, 'ಟವೆಲ್ ತೆಗೀರಿ, ನಾನು ಹೇಳ್ತೀನಿ, ಈಗಲೇ ಹೇಳ್ತೀನಿ' ಅಂತ ಎದ್ದು ನಿಂತ್ಲು. ಬಸ್ಸಲ್ಲಿದ್ದವರೆಲ್ಲ ತಿರುಗಿ ನೋಡಿದ್ರು. ಬಾಯಿ ತೆರೆದ್ಲು... ಹಾಗೇ ಕೂತುಬಿಟ್ಲು. ಹಾಡು ಮತ್ತೆ ಶುರುವಾಯ್ತು.

ಹೇಳದೇನೇ ಸತ್ಲು ಅಕ್ಕ. ಆಮೇಲೆ ನಡೆದದ್ದನ್ನೆಲ್ಲ, ಅಕ್ಕನ ಮಾತನ್ನೂ ಸೇರಿಸಿ, ಕಂಡ ಕಂಡ ಡ್ರೈವರಿಗೆಲ್ಲ ನಾನು ಹೇಳ್ತಾ ಬಂದೆ. ಜನ ಕೊನೆಗೂ ನಂಬಿದ್ರು. ಭಾವನ ಹೆಸರಿಗೆ ಹತ್ತಿದ ಮಸಿ ಹೋಯ್ತು.

ನೀನು ಹೋಗು ತಾಯಿ, ಧೈರ್ಯವಾಗಿ ಹೋಗು. ಯಾವ ಹಾಡು ಹಾಕಿದ್ರೂ ಆ ತಿರುವಲ್ಲಿ ನಿಂತೇ ನಿಲ್ಲುತ್ತೆ. ಹಾರನ್ ಕೇಳು. ಕನ್ನಡೀಲಿ ಭಾವ ಕಂಡ್ರೆ ಹೆದರಬೇಡ, ಅವರೀಗ ಟವೆಲ್ ತೆಗೆದಿದ್ದಾರೆ. ಅವರ ಪಕ್ಕದಲ್ಲಿ ಎರಡೂ ಕೈಯಲ್ಲಿ ಮುಖ ಮುಚ್ಕೊಂಡು ಒಬ್ಬಳು ಕೂತಿರ್ತಾಳಲ್ಲ... ಅವಳನ್ನ ಮಾತ್ರ ನೋಡಬೇಡ. ನಾನೇ ಹಾಗೆ ಕೂರಿಸಿದ್ದು."