ಹನ್ನೊಂದನೇ ದಿನದ ಸೋಡಿಯಂ

ಐರ್ಲೆಂಡಿನ ಗಾಲ್ವೇಯ ಮಳೆ ಸಂಜೆ ನಾಲ್ಕಕ್ಕೇ ಬೆಳಕನ್ನು ನುಂಗಿತ್ತು. ಲಾಕ್‌ಡೌನ್ ಕಾಲ, ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ. ಮೇಲಿನ ಕೋಣೆಗಳಲ್ಲಿ ಬಾಡಿಗೆಗಿದ್ದ ನವ್ಯಾ, ದಿಲೀಪ್ ಇಬ್ಬರೂ ಮನೆಯೊಡತಿ ತುಂಗಮ್ಮನವರ ಅಡುಗೆಮನೆಗೆ ಬಂದು ಕೂತರು. ಮೂವತ್ತು ವರ್ಷ ಲೋಹ ಪರೀಕ್ಷಿಸಿ ಹೋದ ವರ್ಷವಷ್ಟೇ ನಿವೃತ್ತರಾದವರು ಅವರು. ದೆವ್ವ ಇದೆಯಾ ಆಂಟಿ ಎಂದು ದಿಲೀಪ್ ಕೆಣಕಿದ. ತುಂಗಮ್ಮ ನಗದೆ ಹೇಳತೊಡಗಿದರು. ನವ್ಯಾಳ ಕಣ್ಣು ಅವರ ಕೈಗಳ ಮೇಲೇ ಇತ್ತು.

"ಚಂದ್ರಕಾಂತ ಅಂತ ಇದ್ರು, ನನಗೆ ಕೆಲಸ ಕಲಿಸಿದೋರು. ಲೋಹದ ಚೂರನ್ನ ಹೊರದೇಶದ ರಿಯಾಕ್ಟರಿಗೆ ಕಳಿಸ್ತೀವಿ, ಅಲ್ಲಿ ನ್ಯೂಟ್ರಾನ್ ಹೊಡೆಸ್ಕೊಂಡು ಬರುತ್ತೆ, ಆಮೇಲೆ ಒಳಗಿರೋ ಒಂದೊಂದು ಕಲ್ಮಶವೂ ತನ್ನದೇ ಕಿರಣ ಬಿಡುತ್ತೆ, ಕೋಟೀಲೊಂದು ಪಾಲಿದ್ರೂ ಸಿಕ್ಕಿಬೀಳುತ್ತೆ... ಅಂಥಾ ಕೆಲಸ! ಆ ಮನುಷ್ಯ ಚಿಮಟ ಬಿಟ್ಟು ಬರಿಗೈಲಿ ಲೋಹ ಮುಟ್ಟಿದ್ದನ್ನ ಯಾರೂ ನೋಡಿಲ್ಲ. ಬೆವರಲ್ಲಿ ಉಪ್ಪು, ಉಪ್ಪಲ್ಲಿ ಸೋಡಿಯಂ. ಕಳಿಸೋ ಮುಂಚೆ ಒಂದು ಬೆರಳು ತಾಗಿದ್ರೂ ಸ್ಕ್ರೀನ್ ಮೇಲೆ ಸೋಡಿಯಂ ಗೆರೆ ಎದ್ದು ನಿಲ್ಲುತ್ತೆ. ಹೋದ ವರ್ಷ ಏಪ್ರಿಲಲ್ಲಿ ಕೋವಿಡ್ ಅವರನ್ನ ಒಯ್ತು. ಮಣ್ಣಿಗೆ ಹತ್ತೇ ಜನ.

"ಮೇ ತಿಂಗಳು. ಎದೆಯೊಳಗೆ ಕೂರಿಸೋ ಪೇಸ್‌ಮೇಕರಿಗೆ ಟೈಟೇನಿಯಂ... ಮೂರು ಸರಳು, ಒಂದೊಂದರಿಂದ ಒಂದೊಂದು ಚೂರು. ವಿಮಾನ ಇಲ್ಲದೆ ರಿಯಾಕ್ಟರಿಂದ ವಾಪಸ್ ಬರೋಕೇ ಹನ್ನೊಂದು ದಿನ. ಕಂಪನಿಯೋನದು ಗಂಟೆಗೊಂದು ಫೋನು, 'ಎಲ್ಲಾ ಗ್ರ್ಯಾಂಡಾ, ಸರಿ ಇದೆಯಾ, ತುಂಗಾ? ಸಹಿ ಆಯ್ತಾ?' ಒಂದು ಶುದ್ಧ. ಎರಡು ಶುದ್ಧ. ಮೂರೂ ಶುದ್ಧ ಅಂತ ಪೆನ್ನು ತೆಗೆದೆ ನೋಡಿ... ಸೋಡಿಯಂ ಗೆರೆ ಎದ್ದೇಬಿಡ್ತು!"

"ನಿಮ್ಮ ಬೆರಳೇ ತಾಗಿರಬೇಕು," ದಿಲೀಪ್ ಅಂದ.

"ಮೊದ್ದೇ, ವಾಪಸ್ ಬಂದ ಮೇಲೆ ತಾಗಿದ ಬೆವರು ಕಿರಣ ಬಿಡುತ್ತೇನೋ? ಮೊದಲೇ ತಾಗಿತ್ತು ಅಂತೀಯಾ? ಆ ಸೋಡಿಯಂ ಹದಿನೈದು ಗಂಟೆಗೊಮ್ಮೆ ಅರ್ಧಕ್ಕರ್ಧ ಸಾಯುತ್ತೆ. ಹನ್ನೊಂದು ದಿನಕ್ಕೆ ಏನು ಉಳಿದೀತು? ಇದು ಆಗತಾನೇ ಹುಟ್ಟಿದ ಹಾಗೆ ಬೆಳೀತಿತ್ತು... ಕಿರಣ ಅಳೆಯೋ ಮಶೀನಿನ ಸೀಸದ ಮುಚ್ಚಳ ಎತ್ತಿದೆ. ಒಳಗಿದ್ದದ್ದು ಎರಡನೇ ಚೂರು! ಅವಸರದಲ್ಲಿ ಅದನ್ನೇ ಎರಡು ಸಲ ಅಳೆದಿದ್ದೆ. ಮೂರನೇದನ್ನ ಇಟ್ಟು ನೋಡಿದ್ರೆ... ಕೋಬಾಲ್ಟ್, ಇರಬೇಕಾದ್ದಕ್ಕಿಂತ ನೂರು ಪಟ್ಟು. ನನ್ನ ಸಹಿ ಬಿದ್ದಿದ್ರೆ ಆ ಸರಳು ಯಾರ ಎದೆ ಸೇರ್ತಿತ್ತೋ? ಜೀವಮಾನ ಪೂರ್ತಿ ಬರಿಗೈಲಿ ಮುಟ್ಟದೋರು, ಸತ್ತ ಮೇಲೆ ಮುಟ್ಟಿದ್ರು."

ನವ್ಯಾ ಟೀ ಕಪ್ಪನ್ನು ಕೆಳಗಿಟ್ಟಳು. ಅವಳಿಗೆ ಹೆದರಿಕೆಯಾಗಲಿಲ್ಲ, ಎಂಥ ಮನುಷ್ಯ, ಅನ್ನಿಸಿತು. "ಆಮೇಲೆ ಬರಲೇ ಇಲ್ವಾ, ಆಂಟಿ?"

"ಮೊನ್ನೆ... ನನ್ನ ಜಾಗಕ್ಕೆ ಬಂದಿರೋ ಹುಡುಗಿ ಫೋನ್ ಮಾಡಿದ್ಲು. ಸೋಡಿಯಂ ಬರ್ತಿದೆ, ಮಶೀನ್ ಕೆಟ್ಟಿದೆ ಅಂತ. ಕೆಟ್ಟಿಲ್ಲಮ್ಮ, ಸಹಿ ಹಾಕ್ಬೇಡ, ಮುಚ್ಚಳ ತೆಗೆದು ನೋಡು ಅಂದೆ. ತೆಗೆದ್ಲು. ಒಳಗಿದ್ದದ್ದು ಬೇರೆ ಚೂರು. ಆಮೇಲೆ ಮೆಲ್ಲಗೆ 'ಥ್ಯಾಂಕ್ಯೂ ಸರ್' ಅಂದ್ಲು...

"ನನಗಲ್ಲ."